ಸಂಬಳ ತಂದ ಸ್ಥಾನ, ಕೋಚ್ ತಂದ ಸ್ಥಾನ

ವಾಸ್ಕೋದ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ

ಹಿರಿಯರಿಗೂ, ಅಕ್ಕ-ತಂಗಿಯರಿಗೂ, ಅಣ್ಣ-ತಮ್ಮಂದಿರಿಗೂ ನಮಸ್ಕಾರ.

2004–05ರಿಂದ 2012–13ರ ತನಕ ಒಂಬತ್ತು ಸೀಸನ್. ಆ ಒಂಬತ್ತರಲ್ಲಿ ಎಂಟು ಸಲ ಭಾರತದ ಫುಟ್‌ಬಾಲ್ ಲೀಗ್ ಪ್ರಶಸ್ತಿ ಗೋವಾಕ್ಕೆ ಬಂತು. ಡೆಂಪೋ ಐದು ಸಲ, ಚರ್ಚಿಲ್ ಬ್ರದರ್ಸ್ ಎರಡು ಸಲ, ಸಾಲ್ಗಾಂವ್ಕರ್ ಒಂದು ಸಲ. ಉಳಿದ ಒಂದು, 2005–06ರದ್ದು, ಮುಂಬಯಿಯ ಮಹೀಂದ್ರಾ ಯುನೈಟೆಡ್ ಪಾಲಾಯಿತು. ಅದರ ಕೋಚ್ ಡೆರಿಕ್ ಪೆರೇರಾ ಕೂಡ ಗೋವಾದವರೇ. ಡೆಂಪೋದ ಐದೂ ಪ್ರಶಸ್ತಿಗಳು ಬಂದದ್ದು ಆರ್ಮಾಂಡೊ ಕೊಲಾಸೊ ಅವರ ಕೈಕೆಳಗೆ. ಆದರೆ ಡೆಂಪೋ, ಸಾಲ್ಗಾಂವ್ಕರ್ ಅಂದರೆ ಗೋವಾದಲ್ಲಿ ಗಣಿಯ ಮನೆತನಗಳೆಂದು ಎಲ್ಲರಿಗೂ ಗೊತ್ತು. ಹಾಗಾದರೆ ಆ ಐದು ಪ್ರಶಸ್ತಿಗಳು ಆರ್ಮಾಂಡೊ ಅವರವೋ, ಅದಿರಿನವೋ?

ಇದೇ ಪ್ರಶ್ನೆಯನ್ನು ಯುರೋಪಿನಲ್ಲಿ ದೊಡ್ಡ ಕೋಚ್‌ಗಳಾದ ಪೆಪ್ ಗಾರ್ಡಿಯೋಲಾ ಬಗ್ಗೆ, ಜೋಸೆ ಮೊರಿನ್ಯೊ ಬಗ್ಗೆ, ಕಾರ್ಲೊ ಆಂಚೆಲೊಟ್ಟಿ ಬಗ್ಗೆ ದಿನಾ ಕೇಳುತ್ತಾರೆ. ಅಷ್ಟು ದುಡ್ಡು ಸುರಿದರೆ ಯಾರು ಬೇಕಾದರೂ ಗೆಲ್ಲುತ್ತಾರೆ ಅನ್ನುವವರು ಒಂದು ಕಡೆ, ಇಂಥ ತಲೆ ಇನ್ನೊಂದಿಲ್ಲ ಅನ್ನುವವರು ಇನ್ನೊಂದು ಕಡೆ. ಇಬ್ಬರೂ ಲೆಕ್ಕ ಹಾಕುವುದಿಲ್ಲ ಅನ್ನುವುದು ನನ್ನ ತಕರಾರು. ಲೆಕ್ಕ ಹಾಕಲು ಬರುತ್ತದೆ. ದುಡ್ಡು ತಂಡವನ್ನು ಅಂಕಪಟ್ಟಿಯಲ್ಲಿ ಒಂದು ಸ್ಥಾನಕ್ಕೆ ತಂದು ನಿಲ್ಲಿಸುತ್ತದೆ. ಅಲ್ಲಿಂದ ತಂಡ ಮೇಲಕ್ಕೋ ಕೆಳಕ್ಕೋ ಎಷ್ಟು ಸರಿಯಿತು ಅನ್ನುವುದರಲ್ಲಿ ಮಾತ್ರ ಕೋಚ್ ಪಾಲು ಹುಡುಕಬೇಕು.

ಮೊದಲು ದುಡ್ಡಿನ ಬಲವನ್ನು ಮನಸಾರೆ ಒಪ್ಪಿಕೊಳ್ಳೋಣ. ಅರ್ಥಶಾಸ್ತ್ರಜ್ಞ ಸ್ಟೆಫಾನ್ ಶಿಮಾನ್ಸ್ಕಿ ಇಂಗ್ಲೆಂಡಿನ 40 ಕ್ಲಬ್ಬುಗಳ 1978ರಿಂದ 1997ರವರೆಗಿನ ಲೆಕ್ಕ ತೆಗೆದು ನೋಡಿದರು. ಲೀಗ್‌ನಲ್ಲಿ ಯಾರು ಮೇಲೆ, ಯಾರು ಕೆಳಗೆ ಅನ್ನುವ ವ್ಯತ್ಯಾಸದಲ್ಲಿ ನೂರಕ್ಕೆ ಸುಮಾರು 92 ಪಾಲು ಸಂಬಳದ ಖರ್ಚೊಂದರಿಂದಲೇ ಅರ್ಥವಾಗುತ್ತಿತ್ತು. ಆಟಗಾರರನ್ನು ಕೊಳ್ಳಲು ತೆತ್ತ ಟ್ರಾನ್ಸ್‌ಫರ್ ಶುಲ್ಕದಿಂದ ಅರ್ಥವಾದದ್ದು ನೂರಕ್ಕೆ 16 ಪಾಲು ಮಾತ್ರ. ಪತ್ರಿಕೆಗಳು ದೊಡ್ಡಕ್ಷರದಲ್ಲಿ ಹಾಕುವುದು ಶುಲ್ಕವನ್ನು. ಕೆಲಸ ಮಾಡುವುದು ಸಂಬಳ.

ಯಾಕೆ ಹೀಗೆ? ಶುಲ್ಕ ಅನ್ನುವುದು ಒಂದು ದಿನದ ಚೌಕಾಸಿ. ಮಾರುವವರಿಗೆ ಎಷ್ಟು ಅವಸರ, ಒಪ್ಪಂದದಲ್ಲಿ ಎಷ್ಟು ವರ್ಷ ಬಾಕಿ, ಟ್ರಾನ್ಸ್‌ಫರ್ ಬಾಗಿಲು ಮುಚ್ಚಲು ಎಷ್ಟು ಗಂಟೆ ಉಳಿದಿದೆ ಅನ್ನುವುದರ ಮೇಲೆ ಅದು ಕುಣಿಯುತ್ತದೆ. ಸಂಬಳ ಹಾಗಲ್ಲ. ಆಟಗಾರ ಚೆನ್ನಾಗಿ ಆಡಿದಷ್ಟೂ ಒಪ್ಪಂದ ಮತ್ತೆ ಬರೆಯಬೇಕು, ಬರೆಯದಿದ್ದರೆ ಬೇರೆಯವರು ಎತ್ತಿಕೊಂಡು ಹೋಗುತ್ತಾರೆ. ಕಿಲಿಯನ್ ಎಂಬಾಪೆ 2024ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಹೋದಾಗ ಟ್ರಾನ್ಸ್‌ಫರ್ ಶುಲ್ಕ ಸೊನ್ನೆ. ರಾಬರ್ಟ್ ಲೆವಾಂಡೊವ್ಸ್ಕಿ 2014ರಲ್ಲಿ ಡಾರ್ಟ್‌ಮುಂಡ್ ಬಿಟ್ಟು ಬಯರ್ನ್ ಸೇರಿದಾಗಲೂ ಸೊನ್ನೆ. ಶುಲ್ಕ ಮಾತ್ರ ನೋಡುವವನ ಪುಸ್ತಕದಲ್ಲಿ ಈ ಇಬ್ಬರೂ ಬಿಟ್ಟಿ ಸಿಕ್ಕವರು.

ಈಗ ಲೆಕ್ಕದ ಕೆಲಸ. ಇಂಗ್ಲೆಂಡಿನ ಕ್ಲಬ್ಬುಗಳದ್ದಾದರೆ ಸುಲಭ. ಅಲ್ಲಿ ಪ್ರತಿ ಕಂಪನಿಯ ವಾರ್ಷಿಕ ಲೆಕ್ಕಪತ್ರ ಕಂಪನಿಸ್ ಹೌಸ್ ಎಂಬ ಸರ್ಕಾರಿ ದಾಖಲೆಯಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಲೆಕ್ಕಪತ್ರದ ಕೊನೆಯ ಟಿಪ್ಪಣಿಗಳಲ್ಲಿ ಸಿಬ್ಬಂದಿ ವೆಚ್ಚ ಅಂತ ಒಂದು ಸಾಲು ಇರುತ್ತದೆ. ಅದೇ ನಮಗೆ ಬೇಕಾದದ್ದು. ಲೀಗ್‌ನ ಎಲ್ಲ 20 ಕ್ಲಬ್ಬುಗಳದ್ದನ್ನೂ ಬರೆದು, ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಜೋಡಿಸಿ, ಪಕ್ಕದಲ್ಲಿ ಅದೇ ಸೀಸನ್ನಿನ ಅಂಕಪಟ್ಟಿಯ ಸ್ಥಾನ ಬರೆಯಿರಿ. ಸಂಬಳದಲ್ಲಿ 12ನೆಯವನು ಆಟದಲ್ಲಿ 7ನೆಯವನಾದರೆ ಐದು ಮೆಟ್ಟಿಲು ಮೇಲೆ. ಒಂದು ಸೀಸನ್ ನೋಡಿ ತೀರ್ಪು ಕೊಡಬೇಡಿ. 38 ಪಂದ್ಯಗಳಲ್ಲಿ ಗಾಯ, ರೆಫರಿ, ಕಂಬಕ್ಕೆ ಬಡಿದ ಚೆಂಡು ಎಲ್ಲ ಸೇರಿ ಹತ್ತು ಅಂಕ ಆಚೀಚೆ ಮಾಡಿಬಿಡುತ್ತವೆ. ಕಡಿಮೆ ಅಂದರೂ ಮೂರು ಸೀಸನ್ ಬೇಕು.

ಈ ಲೆಕ್ಕ ಕೈಕೊಡುವ ಜಾಗಗಳಿವೆ. ಸಿಬ್ಬಂದಿ ವೆಚ್ಚದಲ್ಲಿ ಆಟಗಾರರಷ್ಟೇ ಅಲ್ಲ, ಕಚೇರಿಯವರು, ಅಕಾಡೆಮಿಯವರು, ಅಂಗಡಿಯವರು ಎಲ್ಲ ಸೇರಿರುತ್ತಾರೆ. ಕ್ಲಬ್ ತನ್ನ ಲೆಕ್ಕದ ವರ್ಷ ಬದಲಿಸಿದರೆ 12 ತಿಂಗಳ ಬದಲು ಹೆಚ್ಚು ತಿಂಗಳ ಖರ್ಚು ಒಂದೇ ಪತ್ರದಲ್ಲಿ ಬಂದು ಮೊತ್ತ ಉಬ್ಬುತ್ತದೆ. ಅವಧಿಯನ್ನು ಮೊದಲ ಪುಟದಲ್ಲೇ ನೋಡಿಕೊಳ್ಳಬೇಕು. ಎಲ್ಲಕ್ಕಿಂತ ಮೋಸಗೊಳಿಸುವುದು ಬೋನಸ್. ಗೆದ್ದರೆ, ಯುರೋಪಿನ ಕ್ಲಬ್ಬುಗಳ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ಗೆ ಹೋದರೆ ಆಟಗಾರರಿಗೆ ಇಷ್ಟು ಅಂತ ಒಪ್ಪಂದದಲ್ಲೇ ಇರುತ್ತದೆ. ಅಂದರೆ ಸಂಬಳ ಹೆಚ್ಚಿದ್ದರಿಂದ ಗೆದ್ದರೋ, ಗೆದ್ದದ್ದರಿಂದ ಸಂಬಳ ಹೆಚ್ಚಾಯಿತೋ? ಎರಡೂ ಒಂದೇ ಮೊತ್ತದೊಳಗೆ ಕಲೆತುಹೋಗಿರುತ್ತದೆ. ಅದಕ್ಕೇ ಗೆದ್ದ ವರ್ಷದ ಸಂಬಳವನ್ನಲ್ಲ, ಅದರ ಹಿಂದಿನ ವರ್ಷದ ಸಂಬಳವನ್ನು ಇಟ್ಟು ಹೋಲಿಸುವುದು ಒಳ್ಳೆಯದು.

ಇನ್ನೊಂದು ತೊಡಕು ಅತಿ ಶ್ರೀಮಂತ ಕ್ಲಬ್ಬಿನ ಕೋಚ್‌ಗೆ ಮಾತ್ರ ಬರುವಂಥದ್ದು. ಸಂಬಳದಲ್ಲಿ ಮೊದಲನೆಯವನು ಆಟದಲ್ಲೂ ಮೊದಲನೆಯವನಾದರೆ ವ್ಯತ್ಯಾಸ ಸೊನ್ನೆ. ಅದಕ್ಕಿಂತ ಮೇಲೆ ಏರಲು ಮೆಟ್ಟಿಲೇ ಇಲ್ಲ. ಹಾಗಂತ ಅಂಥ ಕೋಚ್ ಏನೂ ಮಾಡಲಿಲ್ಲ ಅಂದರೆ ಅನ್ಯಾಯ. ಅಲ್ಲಿ ಸ್ಥಾನ ಬಿಟ್ಟು ಅಂಕ ಎಣಿಸಬೇಕು, ಎಷ್ಟು ಸಲ ಅನ್ನುವುದನ್ನು ಎಣಿಸಬೇಕು.

ಮ್ಯಾಂಚೆಸ್ಟರ್ ಸಿಟಿಯನ್ನೇ ತೆಗೆದುಕೊಳ್ಳೋಣ. 2008ರಲ್ಲಿ ಅಬುಧಾಬಿಯ ಹಣ ಬಂತು. ರೊಬೆರ್ಟೊ ಮಂಚಿನಿ 2011–12ರಲ್ಲಿ, ಮಾನುಯೆಲ್ ಪೆಲೆಗ್ರಿನಿ 2013–14ರಲ್ಲಿ ಲೀಗ್ ಗೆದ್ದರು. 2011–12ರಿಂದ ಐದು ಸೀಸನ್ನಿನಲ್ಲಿ ಎರಡು. ಇದು ಆ ದುಡ್ಡಿನ ಆಗಿನ ಬೆಲೆ ಅಂದುಕೊಳ್ಳಿ. 2016ರಲ್ಲಿ ಗಾರ್ಡಿಯೋಲಾ ಬಂದರು. ಮೊದಲ ವರ್ಷ ಮೂರನೇ ಸ್ಥಾನ, ಕೈಗೆ ಒಂದು ಕಪ್ಪೂ ಇಲ್ಲ. ಆಮೇಲಿನ ಏಳು ಸೀಸನ್ನಿನಲ್ಲಿ ಆರು ಲೀಗ್. ತಪ್ಪಿದ ಒಂದು, 2019–20, ಲಿವರ್‌ಪೂಲ್‌ಗೆ ಹೋಯಿತು. ಐದರಲ್ಲಿ ಎರಡಕ್ಕೂ ಏಳರಲ್ಲಿ ಆರಕ್ಕೂ ನಡುವಿನ ಅಂತರದಲ್ಲಿ ಗಾರ್ಡಿಯೋಲಾ ಇದ್ದಾರೆ. ಆದರೆ ಆ ಅಂತರ ಪೂರ್ತಿ ಅವರದಲ್ಲ, ಯಾಕೆಂದರೆ ನಡುವೆ ಸಂಬಳವೂ ಏರಿತು. 2022–23ರಲ್ಲಿ ಅದು 42 ಕೋಟಿ ಪೌಂಡ್ ದಾಟಿತ್ತು. ಜೊತೆಗೆ 2023ರ ಫೆಬ್ರವರಿಯಲ್ಲಿ ಪ್ರೀಮಿಯರ್ ಲೀಗ್, ಹಣಕಾಸಿನ ನಿಯಮ ಮುರಿದಿದ್ದಾರೆಂದು ಸಿಟಿಯ ಮೇಲೆ ನೂರಕ್ಕೂ ಹೆಚ್ಚು ಆರೋಪ ಹೊರಿಸಿತು. ಕ್ಲಬ್ ಅವನ್ನು ಅಲ್ಲಗಳೆಯಿತು. ಲೆಕ್ಕ ಹಾಕುವವರಿಗೆ ಇದು ಸಣ್ಣ ಸಂಗತಿಯಲ್ಲ. ನಾವು ನಂಬಿ ಕೂತ ಅಂಕಿಗಳನ್ನೇ ಆ ಆರೋಪಗಳು ಮುಟ್ಟುತ್ತವೆ.

ದುಡ್ಡು ಎಲ್ಲಿ ಮುಗಿಯುತ್ತದೆ, ಕೋಚ್ ಎಲ್ಲಿ ಶುರುವಾಗುತ್ತಾರೆ ಅನ್ನುವುದು ಕಣ್ಣಿಗೆ ಕಾಣುವ ಒಂದು ಜಾಗ ಹೇಳುತ್ತೇನೆ: 2017–18ರ ಸಿಟಿಯ ಎಡ ಫುಲ್‌ಬ್ಯಾಕ್, ಅಂದರೆ ಎಡ ಅಂಚನ್ನು ಕಾಯುವ ರಕ್ಷಣೆಯ ಆಟಗಾರ. ಹಿಂದಿನ ವರ್ಷ ಗಾರ್ಡಿಯೋಲಾ ಬಳಿ ಇದ್ದ ಫುಲ್‌ಬ್ಯಾಕ್‌ಗಳಾದ ಝಬಾಲೆಟಾ, ಸಾನ್ಯಾ, ಕ್ಲಿಶಿ, ಕೊಲರೋವ್ ನಾಲ್ವರೂ 30 ದಾಟಿದವರು. 2017ರ ಬೇಸಿಗೆಯಲ್ಲಿ ಕೈಲ್ ವಾಕರ್, ಬೆಂಜಮಿನ್ ಮೆಂಡಿ, ಡ್ಯಾನಿಲೊ ಮೂವರನ್ನು ಸುಮಾರು 12 ಕೋಟಿ ಪೌಂಡ್ ಕೊಟ್ಟು ತಂದರು. ಇಲ್ಲಿಯವರೆಗೆ ಶುದ್ಧ ದುಡ್ಡು. ಸೆಪ್ಟೆಂಬರ್‌ನಲ್ಲಿ ಮೆಂಡಿ ಅವರ ಮೊಣಕಾಲಿನ ಅಸ್ಥಿರಜ್ಜು ಹರಿಯಿತು. ಆ ಜಾಗಕ್ಕೆ ಗಾರ್ಡಿಯೋಲಾ ಹಾಕಿದ್ದು ಫೇಬಿಯನ್ ಡೆಲ್ಫ್ ಅವರನ್ನು. ಅವರು ಮಿಡ್‌ಫೀಲ್ಡರ್, ಕ್ಲಬ್ 2015ರಲ್ಲಿ 80 ಲಕ್ಷ ಪೌಂಡಿಗೆ ಕೊಂಡದ್ದು.

ಡೆಲ್ಫ್ ಗೆರೆಯ ಪಕ್ಕ ಓಡುವ ಫುಲ್‌ಬ್ಯಾಕ್ ಅಲ್ಲ. ಹಾಗೆ ಓಡು ಅಂತ ಅವರಿಗೆ ಯಾರೂ ಹೇಳಲೂ ಇಲ್ಲ. ಚೆಂಡು ಸೆಂಟರ್ ಬ್ಯಾಕ್, ಅಂದರೆ ರಕ್ಷಣೆಯ ನಡುವೆ ನಿಲ್ಲುವ ಓಟಮೆಂಡಿ ಕಾಲಲ್ಲಿದ್ದಾಗ ಡೆಲ್ಫ್ ಗೆರೆ ಬಿಟ್ಟು ಒಳಕ್ಕೆ, ಮಿಡ್‌ಫೀಲ್ಡರ್ ಫರ್ನಾಂಡಿನ್ಯೊ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದರು. ಎದುರಾಳಿಯ ಬಲ ವಿಂಗರ್‌ಗೆ, ಅಂದರೆ ಅಂಚಿನಲ್ಲಿ ಆಡುವ ದಾಳಿಗಾರನಿಗೆ, ಆಗ ಎರಡೇ ದಾರಿ. ಡೆಲ್ಫ್ ಹಿಂದೆ ಒಳಕ್ಕೆ ಹೋದರೆ ಓಟಮೆಂಡಿಯಿಂದ ಗೆರೆಗಂಟಿ ನಿಂತ ಸಿಟಿಯ ಎಡ ವಿಂಗರ್ ಲೆರಾಯ್ ಸಾನೆಗೆ ನೇರ ಪಾಸಿನ ದಾರಿ ತೆರೆಯುತ್ತದೆ. ಹೋಗದೆ ಹೊರಗೇ ನಿಂತರೆ ನಡುವೆ ಸಿಟಿಗೆ ಒಬ್ಬ ಹೆಚ್ಚು. ಚೆಂಡು ಕಳೆದುಕೊಂಡಾಗ ಇನ್ನೊಂದು ಲಾಭ: ಎದುರಾಳಿ ಪ್ರತಿದಾಳಿಗೆ ಓಡುವ ನಡುದಾರಿಯಲ್ಲಿ ಡೆಲ್ಫ್ ಆಗಲೇ ನಿಂತಿರುತ್ತಾರೆ, ಗೆರೆಯಿಂದ ಓಡಿ ಬರಬೇಕಿಲ್ಲ. ಮೈದಾನವನ್ನು ಉದ್ದಕ್ಕೆ ಐದು ಪಟ್ಟಿಯಾಗಿ ಸೀಳಿ, ಫುಲ್‌ಬ್ಯಾಕ್ ಮತ್ತು ವಿಂಗರ್ ಒಂದೇ ಪಟ್ಟಿಯಲ್ಲಿ ನಿಲ್ಲಬಾರದು ಅನ್ನುವ ನಿಯಮವನ್ನು ತರಬೇತಿಯಲ್ಲಿ ದಿನವೂ ತಿದ್ದಿ ತಿದ್ದಿ ಕೂರಿಸಿದ್ದರ ಫಲ ಇದು. ಸಾನೆ ಒಂದು ಹೆಜ್ಜೆ ಒಳಗೆ ಬಂದರೂ ಈ ಯಂತ್ರ ಕೆಡುತ್ತದೆ, ಯಾಕೆಂದರೆ ಆಗ ಒಬ್ಬನೇ ಡಿಫೆಂಡರ್ ಇಬ್ಬರನ್ನೂ ಕಾಯಬಹುದು. ಆ ಸೀಸನ್ ಸಿಟಿ 100 ಅಂಕ ಪಡೆಯಿತು, 106 ಗೋಲು ಹೊಡೆಯಿತು, ಎರಡನೆಯವರಿಗಿಂತ 19 ಅಂಕ ಮುಂದೆ ಮುಗಿಸಿತು.

ಇದರಲ್ಲಿ ಎರಡೂ ಇವೆ, ಗಮನಿಸಿ. ಮೆಂಡಿ ಬಿದ್ದ ಮೇಲೂ ಬೆಂಚಿನಲ್ಲಿ ಇಂಗ್ಲೆಂಡ್ ತಂಡಕ್ಕೆ ಆಡಿದ ಮಿಡ್‌ಫೀಲ್ಡರ್ ಒಬ್ಬ ಕಾಯುತ್ತಿರುವುದು ದುಡ್ಡು. ಅವನನ್ನು ಫುಲ್‌ಬ್ಯಾಕ್ ಜಾಗದಲ್ಲಿ ನಿಲ್ಲಿಸಿ ತಂಡ ಇನ್ನೂ ಚೆನ್ನಾಗಿ ಆಡುವಂತೆ ಮಾಡಿದ್ದು ಕೋಚ್. ಅದೇ ಗಾರ್ಡಿಯೋಲಾ 2024ರ ಸೆಪ್ಟೆಂಬರ್‌ನಲ್ಲಿ ಮಿಡ್‌ಫೀಲ್ಡರ್ ರೋಡ್ರಿ ಗಾಯಗೊಂಡಾಗ ಆ ಜಾಗ ತುಂಬಲಾರದೆ 2024–25ರಲ್ಲಿ ಮೂರನೇ ಸ್ಥಾನಕ್ಕೆ ಇಳಿದರು. ಎಲ್ಲ ತೂತನ್ನೂ ತರಬೇತಿಯಿಂದ ಮುಚ್ಚಲಾಗುವುದಿಲ್ಲ.

ದುಡ್ಡಿದ್ದೂ ಕೆಳಗಿಳಿದವರನ್ನು ನೋಡಿದರೆ ಕೋಚ್ ಪಾಲು ಇನ್ನೂ ಸ್ಪಷ್ಟವಾಗುತ್ತದೆ. ಅಲೆಕ್ಸ್ ಫರ್ಗ್ಯುಸನ್ 13ನೇ ಲೀಗ್ ಗೆದ್ದು 2013ರಲ್ಲಿ ನಿವೃತ್ತರಾದರು. ಮರುವರ್ಷ ಮ್ಯಾಂಚೆಸ್ಟರ್ ಯುನೈಟೆಡ್ 7ನೇ ಸ್ಥಾನ, 2024–25ರಲ್ಲಿ 15ನೇ ಸ್ಥಾನ. ಸಂಬಳದಲ್ಲಿ ಆ ಕ್ಲಬ್ ಅಷ್ಟು ಕೆಳಗೆ ಒಮ್ಮೆಯೂ ಇರಲಿಲ್ಲ. ಚೆಲ್ಸೀ 2022–23ರಲ್ಲಿ ಎರಡು ಟ್ರಾನ್ಸ್‌ಫರ್ ಅವಧಿಯಲ್ಲಿ 50 ಕೋಟಿ ಪೌಂಡಿಗೂ ಹೆಚ್ಚು ಖರ್ಚು ಮಾಡಿ 12ನೇ ಸ್ಥಾನದಲ್ಲಿ ನಿಂತಿತು. ಆ ಜನವರಿಯೊಂದರಲ್ಲೇ ಎಂಟು ಆಟಗಾರರ ಒಪ್ಪಂದವಾಯಿತು, ಆದರೆ ಚಾಂಪಿಯನ್ಸ್ ಲೀಗ್‌ನ ನಾಕೌಟ್‌ಗೆ ಹೊಸಬರಲ್ಲಿ ಮೂವರನ್ನು ಮಾತ್ರ ನೋಂದಾಯಿಸಲು ನಿಯಮ ಬಿಡುತ್ತದೆ. ತರಬೇತಿಗೆ 30ಕ್ಕೂ ಹೆಚ್ಚು ಜನ ಬಂದರೆ 11 ಜನರ ಎದುರು 11 ಜನ ಆಡಿಸಿದ ಮೇಲೂ ಎಂಟೊಂಬತ್ತು ಜನ ಪಕ್ಕದಲ್ಲಿ ನಿಂತಿರುತ್ತಾರೆ. ಬ್ರೈಟನ್‌ನಲ್ಲಿ ಅಚ್ಚುಕಟ್ಟಾಗಿ ಕೆಲಸ ಮಾಡಿದ್ದ ಗ್ರಹಾಂ ಪಾಟರ್ ಅಲ್ಲಿ ಏಳು ತಿಂಗಳೂ ಉಳಿಯಲಿಲ್ಲ. ಪ್ಯಾರಿಸ್ ಸೇಂಟ್ ಜರ್ಮೇನ್‌ಗೆ ಕತಾರಿನ ಹಣ ಬಂದದ್ದು 2011ರಲ್ಲಿ. 2017ರಲ್ಲಿ ನೇಮಾರ್‌ಗೆ 22.2 ಕೋಟಿ ಯೂರೋ ಕೊಟ್ಟರು, ಮುಂದೆ ಮೆಸ್ಸಿಯೂ ಬಂದರು. ಚಾಂಪಿಯನ್ಸ್ ಲೀಗ್ ಸಿಕ್ಕಿದ್ದು 2025ರಲ್ಲಿ, ನೇಮಾರ್, ಮೆಸ್ಸಿ, ಎಂಬಾಪೆ ಮೂವರೂ ಹೋದ ಮೇಲೆ, ಮುಂದಿನ ಸಾಲಿನವರನ್ನೂ ಎದುರಾಳಿಯ ಮೇಲೆ ಓಡಿ ಒತ್ತಡ ಹಾಕುವಂತೆ ಮಾಡಿದ ಲೂಯಿಸ್ ಎನ್ರಿಕೆ ಕೈಯಲ್ಲಿ. ಫೈನಲ್‌ನಲ್ಲಿ ಇಂಟರ್ ಮಿಲಾನ್ ಮೇಲೆ 5–0.

ಸಣ್ಣ ಕ್ಲಬ್ಬಿನ ಗೆಲುವು ಅಂದ ಕೂಡಲೇ ಲೀಸ್ಟರ್ ಹೆಸರು ಬರುತ್ತದೆ. 2015–16ರಲ್ಲಿ ಕ್ಲಾಡಿಯೊ ರನಿಯೇರಿ ಕೈಯಲ್ಲಿ 81 ಅಂಕ, ಎರಡನೆಯ ಆರ್ಸೆನಲ್‌ಗಿಂತ 10 ಮುಂದೆ. ಇದನ್ನು ಕೋಚ್‌ನ ಪವಾಡವೆಂದು ಹೊಗಳುವವರು ನಾಲ್ಕು ಸಂಗತಿ ಮರೆಯುತ್ತಾರೆ. ಹಿಂದಿನ ಸೀಸನ್ನಿನ ಕೊನೆಯಲ್ಲೇ ಆ ತಂಡ, ನೈಜೆಲ್ ಪಿಯರ್ಸನ್ ಕೈಕೆಳಗೆ, ಒಂಬತ್ತು ಪಂದ್ಯದಲ್ಲಿ ಏಳು ಗೆದ್ದು ಬದುಕಿಕೊಂಡಿತ್ತು. ವಾರ್ಡಿ, ಮಾಹ್ರೆಝ್, ಕಾಂಟೆ ಮೂವರನ್ನೂ ಅಗ್ಗಕ್ಕೆ ಹುಡುಕಿ ತಂದದ್ದರಲ್ಲಿ ಸ್ಟೀವ್ ವಾಲ್ಷ್ ಅವರ ಸ್ಕೌಟಿಂಗ್ ವಿಭಾಗದ ಪಾಲು ದೊಡ್ಡದು. ಯುರೋಪಿನ ಪಂದ್ಯಗಳಿರಲಿಲ್ಲ, ಕಪ್ಪುಗಳಿಂದ ಬೇಗ ಹೊರಬಿದ್ದು ವರ್ಷಕ್ಕೆ ಒಟ್ಟು 43 ಪಂದ್ಯ ಮಾತ್ರ ಆಡಿದರು. ಗಾಯಗಳೂ ಕಡಿಮೆ. ಮರುವರ್ಷ ಕಾಂಟೆ ಚೆಲ್ಸೀಗೆ, ವಾಲ್ಷ್ ಎವರ್ಟನ್‌ಗೆ ಹೋದರು, ಚಾಂಪಿಯನ್ಸ್ ಲೀಗ್ ಮೈಮೇಲೆ ಬಂತು, ಪ್ರಶಸ್ತಿ ಗೆದ್ದ ಒಂಬತ್ತು ತಿಂಗಳಲ್ಲಿ ರನಿಯೇರಿ ಅವರನ್ನು ತೆಗೆದರು. ಕಾಂಟೆ ಸೇರಿದ ಚೆಲ್ಸೀ ಆ ವರ್ಷದ ಚಾಂಪಿಯನ್. ರನಿಯೇರಿ ಮಾಡಿದ ಒಳ್ಳೆಯ ಕೆಲಸ, ನನ್ನ ಪ್ರಕಾರ, ಬಂದ ತಂಡವನ್ನು ಹೆಚ್ಚು ಕೆದಕದೆ ಆಡಲು ಬಿಟ್ಟದ್ದು. ಅದೂ ಕೆಲಸವೇ, ಆದರೆ ಪವಾಡ ಬೇರೆ.

ನನಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಇಟಲಿಯ ಕೋಚ್ ಜಾನ್ ಪಿಯೆರೊ ಗ್ಯಾಸ್ಪೆರಿನಿ. 2011ರಲ್ಲಿ ಇಂಟರ್ ಮಿಲಾನ್‌ನಂಥ ದೊಡ್ಡ ಕ್ಲಬ್ ಅವರನ್ನು ಐದೇ ಪಂದ್ಯ ಆದ ಮೇಲೆ ಕೆಲಸದಿಂದ ತೆಗೆಯಿತು, ಒಂದೂ ಗೆದ್ದಿರಲಿಲ್ಲ. 2016ರಲ್ಲಿ ಬೆರ್ಗಾಮೊ ಊರಿನ ಅಟಲಾಂಟಾಕ್ಕೆ ಬಂದರು. ಅಲ್ಲಿ ಒಂಬತ್ತು ವರ್ಷ. ಮೈದಾನದ ಉದ್ದಗಲಕ್ಕೂ ಒಬ್ಬನಿಗೆ ಒಬ್ಬ ಅಂತ ಹಿಡಿಯುವ ಆಟ ಕಲಿಸಿದರು. ಇದರ ಅಪಾಯ ಗೊತ್ತಿರಲಿ: ಒಬ್ಬ ಒಮ್ಮೆ ಸೋತರೆ ಹಿಂದೆ ಕಾಯಲು ಹೆಚ್ಚುವರಿ ಆಳಿಲ್ಲ. ಆದ್ದರಿಂದ ಇದಕ್ಕೆ ಬೇಕಾದದ್ದು ದುಬಾರಿ ಹೆಸರಲ್ಲ, 90 ನಿಮಿಷ ಬೆನ್ನುಬಿಡದ ಕಾಲು, ಅದನ್ನು ತಯಾರು ಮಾಡುವ ಸಮಯ. 2019–20ರಲ್ಲಿ ಲೀಗ್‌ನಲ್ಲೇ 98 ಗೋಲು. ಒಳ್ಳೆಯವರನ್ನು ವರ್ಷಾ ವರ್ಷಾ ಮಾರುತ್ತಲೇ ಮೂರು ಸೀಸನ್ ಸತತ ಮೂರನೇ ಸ್ಥಾನ. 2024ರಲ್ಲಿ ಡಬ್ಲಿನ್‌ನ ಫೈನಲ್‌ನಲ್ಲಿ, ಆ ಸೀಸನ್ ಪೂರ್ತಿ ಸೋಲದೆ ಬಂದಿದ್ದ ಶಾಬಿ ಅಲೊನ್ಸೊ ಅವರ ಲೆವರ್‌ಕೂಸನ್ ತಂಡವನ್ನು 3–0 ಹೊಡೆದು ಯುರೋಪಾ ಲೀಗ್ ಗೆದ್ದರು.

ಕೋಚ್ ದುಡ್ಡನ್ನು ಖರ್ಚು ಮಾಡುವುದಷ್ಟೇ ಅಲ್ಲ, ಹುಟ್ಟಿಸುತ್ತಾರೆ ಕೂಡ ಅನ್ನುವುದು ಇಲ್ಲಿ ಕಾಣುತ್ತದೆ. ಅಟಲಾಂಟಾ 2022ರಲ್ಲಿ ಸುಮಾರು 1.7 ಕೋಟಿ ಯೂರೋಗೆ ತಂದ ರಾಸ್ಮುಸ್ ಹೋಯ್ಲುಂಡ್ ಅವರನ್ನು ಮರುವರ್ಷವೇ ಯುನೈಟೆಡ್‌ಗೆ 7 ಕೋಟಿಗೂ ಮೇಲೆ ಮಾರಿತು. ಲಿವರ್‌ಪೂಲ್ 85 ಲಕ್ಷ ಪೌಂಡಿಗೆ ತಂದಿದ್ದ ಕೌಟಿನ್ಯೊ ಅವರನ್ನು 2018ರ ಜನವರಿಯಲ್ಲಿ ಬಾರ್ಸಿಲೋನಾಕ್ಕೆ ಕೊಟ್ಟಾಗ ಶರತ್ತಿನ ಕಂತುಗಳು ಸೇರಿ ಮೊತ್ತ 14.2 ಕೋಟಿ ಪೌಂಡ್. ಅದೇ ತಿಂಗಳು ವಾನ್ ಡೈಕ್ 7.5 ಕೋಟಿಗೆ, ಬೇಸಿಗೆಯಲ್ಲಿ ಗೋಲಿ ಅಲಿಸನ್ ಸುಮಾರು 6.5 ಕೋಟಿಗೆ ಬಂದರು. ಒಬ್ಬರ ಹಣಕ್ಕೆ ಇಬ್ಬರು. 2019ರ ಚಾಂಪಿಯನ್ಸ್ ಲೀಗ್, 2019–20ರ ಲೀಗ್ ಬಂದದ್ದು ಈ ಇಬ್ಬರ ಬೆನ್ನ ಮೇಲೆ. ಲಿವರ್‌ಪೂಲ್‌ನ ಆಗಿನ ಕೋಚ್ ಕ್ಲಾಪ್ ಅವರಿಗೆ ಶ್ರೀಮಂತ ಕ್ಲಬ್ ಸಿಕ್ಕಿತ್ತು ಅನ್ನುವಾಗ, ಆ ಶ್ರೀಮಂತಿಕೆಯ ಒಂದು ಪಾಲು ಅವರ ತರಬೇತಿ ಮೈದಾನದಲ್ಲೇ ಬೆಳೆದದ್ದು ಅನ್ನುವುದನ್ನೂ ಸೇರಿಸಬೇಕು.

ನಮ್ಮ ದೇಶಕ್ಕೆ ಬರೋಣ. ಇಲ್ಲಿ ಕ್ಲಬ್ಬುಗಳ ಸಂಬಳ ಹಾಗೆ ತೆರೆದ ಪುಸ್ತಕವಲ್ಲ, ಆದ್ದರಿಂದ ಬೇರೆ ದಾರಿಯಲ್ಲಿ ನೋಡಬೇಕು: ಅದೇ ಕಾಲದಲ್ಲಿ ಅದೇ ಅಂತಸ್ತಿನ ಬೇರೆ ಕ್ಲಬ್ಬುಗಳು ಏನು ಮಾಡಿದವು, ಕೋಚ್ ಹೋದ ಮೇಲೆ ಏನಾಯಿತು. ಡೆಂಪೋ ಐದು ಸಲ ಗೆದ್ದ ಕಾಲದಲ್ಲಿ ಕೋಲ್ಕತ್ತಾದ ಮೋಹನ್ ಬಗಾನ್, ಈಸ್ಟ್ ಬೆಂಗಾಲ್ ಎರಡಕ್ಕೂ ದೊಡ್ಡ ಪ್ರಾಯೋಜಕರಿದ್ದರು, ತುಂಬಿದ ಗ್ಯಾಲರಿಯಿತ್ತು. ಲೀಗ್ ಒಮ್ಮೆಯೂ ಸಿಗಲಿಲ್ಲ. ಡೆಂಪೋದಲ್ಲಿ ಕ್ಲಿಫರ್ಡ್ ಮಿರಾಂಡಾ, ಕ್ಲೈಮ್ಯಾಕ್ಸ್ ಲಾರೆನ್ಸ್, ಸಮೀರ್ ನಾಯ್ಕ್, ಮಹೇಶ್ ಗಾವ್ಳಿ ವರ್ಷಗಟ್ಟಲೆ ಒಟ್ಟಿಗೆ ಆಡಿದರು. ಮುಂದೆ ರಾಂಟಿ ಮಾರ್ಟಿನ್ಸ್, ಅವರ ಹಿಂದೆ ಬೆಟೊ. 2013ರಲ್ಲಿ ಆರ್ಮಾಂಡೊ ಹೋದರು. 2014–15ರಲ್ಲಿ ಡೆಂಪೋ, ಆಗ ದೇಶದ ಮೊದಲ ದರ್ಜೆಯ ಲೀಗ್ ಆಗಿದ್ದ ಐ-ಲೀಗ್‌ನಿಂದಲೇ ಕೆಳಗಿಳಿಯಿತು. ಮಾಲೀಕರು ಅವರೇ, ಮೈದಾನ ಅದೇ. ಆ ಐದರಲ್ಲಿ ಆರ್ಮಾಂಡೊ ಅವರ ಪಾಲು ಬಹಳ ದೊಡ್ಡದೆಂದು ನಾನು ಧೈರ್ಯವಾಗಿ ಹೇಳುತ್ತೇನೆ.

2016ರಲ್ಲಿ ಗೋವಾದ ಕ್ಲಬ್ಬುಗಳು ಐ-ಲೀಗ್ ಬಿಟ್ಟು ಹೊರಬಂದವು. ಖಾಲಿಯಾದ ಜಾಗದಿಂದ, ಆಗಷ್ಟೇ ಕೆಳಗಿಳಿದಿದ್ದ ಮಿಜೋರಾಂನ ಐಜ್ವಾಲ್ ಎಫ್‌ಸಿಗೆ ಮತ್ತೆ ಒಳಬರಲು ಅವಕಾಶವಾಯಿತು. ಅದಕ್ಕೆ ಕೋಚ್ ಆಗಿ ಬಂದವರು ಖಾಲಿದ್ ಜಮೀಲ್. ಅದಕ್ಕೆ ಮುಂಚೆ ಸುಮಾರು ಏಳು ವರ್ಷ ಅವರು ಮುಂಬಯಿ ಎಫ್‌ಸಿಯನ್ನು ಕಡಿಮೆ ದುಡ್ಡಿನಲ್ಲೇ ಲೀಗ್‌ನಲ್ಲಿ ಉಳಿಸಿಕೊಂಡು ಬಂದಿದ್ದರು. 2016–17ರಲ್ಲಿ ಐಜ್ವಾಲ್ 37 ಅಂಕ ಪಡೆದು ಚಾಂಪಿಯನ್ ಆಯಿತು, ಮೋಹನ್ ಬಗಾನ್‌ಗೆ 36. ಅದೇ ಸೀಸನ್ನಿನಲ್ಲಿ ಖಾಲಿದ್ ಬಿಟ್ಟುಬಂದ ಮುಂಬಯಿ ಎಫ್‌ಸಿ ಕೊನೆಯ ಸ್ಥಾನಕ್ಕೆ ಬಿತ್ತು. ಮರುವರ್ಷ ದೊಡ್ಡ ಕ್ಲಬ್ ಈಸ್ಟ್ ಬೆಂಗಾಲ್ ಅವರನ್ನು ಕರೆಯಿತು, ಐ-ಲೀಗ್ ಪ್ರಶಸ್ತಿ ಬರಲಿಲ್ಲ.

ಸ್ಪೇನಿನ ಕೋಚ್ ಸೆರ್ಖಿಯೊ ಲೊಬೆರಾ ಅವರದ್ದು ಬೇರೆಯೇ ಲೆಕ್ಕ. ಎಫ್‌ಸಿ ಗೋವಾವನ್ನು ಅವರು ಇಂಡಿಯನ್ ಸೂಪರ್ ಲೀಗ್‌ನ 2018–19ರ ಫೈನಲ್‌ಗೆ ಒಯ್ದರು. ಅಲ್ಲಿ ಮುಂಬಯಿಯಲ್ಲಿ ನಮ್ಮ ಬೆಂಗಳೂರು ಎಫ್‌ಸಿ, ರಾಹುಲ್ ಭೇಕೆ ಹೆಚ್ಚುವರಿ ಸಮಯದಲ್ಲಿ ಹೊಡೆದ ಒಂದೇ ಗೋಲಿನಿಂದ ಗೆದ್ದಿತು. 2020ರಲ್ಲಿ ಲೀಗ್ ಹಂತದಲ್ಲಿ ಮೂರು ಪಂದ್ಯ ಬಾಕಿ ಇರುವಾಗ ಗೋವಾ ಅವರನ್ನು ಬಿಟ್ಟಿತು, ಕ್ಲಿಫರ್ಡ್ ಮಿರಾಂಡಾ ಉಳಿದದ್ದನ್ನು ಮುಗಿಸಿ, ಲೀಗ್ ಹಂತದಲ್ಲಿ ಮೊದಲು ಬಂದವರಿಗೆ ಕೊಡುವ ಲೀಗ್ ಶೀಲ್ಡ್ ತಂದರು. ಲೊಬೆರಾ, ಮ್ಯಾಂಚೆಸ್ಟರ್ ಸಿಟಿಯ ಮಾಲೀಕ ಗುಂಪು ಆಗಷ್ಟೇ ಕೊಂಡಿದ್ದ ಮುಂಬಯಿ ಸಿಟಿಗೆ ಹೋದರು. ಬೂಮೋಸ್, ಜಾಹೂ, ಮುರ್ತಾದಾ ಫಾಲ್, ಮಂದಾರ್ ರಾವ್ ದೇಸಾಯಿ ನಾಲ್ವರೂ ಗೋವಾದಿಂದ ಅಲ್ಲಿಗೇ ಬಂದರು. ಮೊದಲ ಸೀಸನ್ನಿನಲ್ಲೇ ಶೀಲ್ಡ್ ಮತ್ತು ಕಪ್ ಎರಡೂ. ಫೈನಲ್ ನಡೆದದ್ದು ಇಲ್ಲೇ, ಮಡಗಾಂವ್‌ನ ಫಾತೋರ್ಡಾದಲ್ಲಿ. ತನ್ನ ಪದ್ಧತಿ ಬಲ್ಲ ನಾಲ್ವರನ್ನು ಒಟ್ಟಿಗೆ ತರಲು ಹಣವಿರುವುದು ಎಂಥ ಅನುಕೂಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಭಾರತದಲ್ಲಿಲ್ಲ. ಅವರು ಹೋದ ಮೇಲೂ ಮುಂಬಯಿ ಸಿಟಿ 2022–23ರ ಶೀಲ್ಡನ್ನು ಡೆಸ್ ಬಕಿಂಗ್‌ಹ್ಯಾಮ್ ಕೈಯಲ್ಲಿ, 2023–24ರ ಕಪ್ಪನ್ನು ಪೀಟರ್ ಕ್ರಾಟ್ಕಿ ಕೈಯಲ್ಲಿ ಗೆದ್ದಿತು. ಡೆಂಪೋದ ಕತೆಯ ತಿರುಗುಮುರುಗು. ಮುಂಬಯಿ ಸಿಟಿಯಲ್ಲಿ ಕ್ಲಬ್ಬಿನ ಪಾಲು ಹೆಚ್ಚು.

ಸಭೆಯಲ್ಲಿ ಒಬ್ಬರು ಎದ್ದು ಕೇಳಿದರು: ಸಣ್ಣ ಕ್ಲಬ್ಬಿನಲ್ಲಿ ಗೆದ್ದ ಕೋಚ್ ದೊಡ್ಡ ಕ್ಲಬ್ಬಿಗೆ ಹೋದ ಕೂಡಲೇ ಯಾಕೆ ಎಡವುತ್ತಾರೆ, ಅಲ್ಲಿ ಎಲ್ಲವೂ ಹೆಚ್ಚೇ ಸಿಗುತ್ತದಲ್ಲ?

ಒಂದು ಮಾತ್ರ ಕಡಿಮೆ ಸಿಗುತ್ತದೆ, ಸಮಯ. ಶನಿವಾರದಿಂದ ಶನಿವಾರಕ್ಕೆ ಆಡುವ ತಂಡಕ್ಕೆ ನಡುವೆ ನಾಲ್ಕು ದಿನ ಗಟ್ಟಿ ತರಬೇತಿ ಸಿಗುತ್ತದೆ. ಶನಿವಾರ, ಬುಧವಾರ, ಶನಿವಾರ ಆಡುವ ತಂಡಕ್ಕೆ ಪಂದ್ಯದ ಮರುದಿನ ವಿಶ್ರಾಂತಿ, ಪಂದ್ಯದ ಹಿಂದಿನ ದಿನ ಹಗುರ ಓಟ, ನಡುವೆ ಪ್ರಯಾಣ. ಹೊಸದು ಕಲಿಸಲು ವಾರಕ್ಕೆ ಒಂದು ದಿನ ಸಿಕ್ಕರೆ ಪುಣ್ಯ. ಕೋಚ್ ಆಂಟೋನಿಯೊ ಕಾಂಟೆ (ಲೀಸ್ಟರ್‌ನಿಂದ ಹೋದ ಆಟಗಾರ ಕಾಂಟೆ ಬೇರೆ) 2016–17ರಲ್ಲಿ ಚೆಲ್ಸೀಗೆ ಬಂದಾಗ ಕ್ಲಬ್ ಹಿಂದಿನ ವರ್ಷ 10ನೇ ಸ್ಥಾನದಲ್ಲಿ ಮುಗಿಸಿದ್ದರಿಂದ ಯುರೋಪಿನ ಪಂದ್ಯಗಳೇ ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ ಆರ್ಸೆನಲ್ ಎದುರು 3–0 ಸೋತ ಮೇಲೆ ಮೂವರು ಸೆಂಟರ್ ಬ್ಯಾಕ್‌ಗಳ ಆಟಕ್ಕೆ ಬದಲಾಯಿಸಿ ಸಾಲಾಗಿ 13 ಪಂದ್ಯ ಗೆದ್ದು 93 ಅಂಕಕ್ಕೆ ಚಾಂಪಿಯನ್ ಆದರು. ಮರುವರ್ಷ ಚಾಂಪಿಯನ್ಸ್ ಲೀಗ್ ಬಂತು, ಲೀಗ್‌ನಲ್ಲಿ 5ನೇ ಸ್ಥಾನ. ಎದುರಾಳಿಯೂ ಬದಲಾಗುತ್ತಾನೆ. ಸಣ್ಣ ತಂಡದ ವಿರುದ್ಧ ಮುಂದೆ ಬಂದು ಆಡುತ್ತಿದ್ದವರು ದೊಡ್ಡ ತಂಡದ ವಿರುದ್ಧ ಗೋಲಿನ ಮುಂದೆ ಹತ್ತು ಜನ ಕೂಡಿ ನಿಲ್ಲುತ್ತಾರೆ. ಪ್ರತಿದಾಳಿಯಲ್ಲಿ ಪಳಗಿದ ಕೋಚ್‌ಗೆ ಓಡಲು ಜಾಗವೇ ಸಿಗುವುದಿಲ್ಲ.

ಹಾಗಾದರೆ ಸಹಿ ಹಾಕುವ ಮೊದಲು ಅವರು ಏನು ನೋಡಿಕೊಳ್ಳಬೇಕು ಅಂತ ಇನ್ನೊಬ್ಬರ ಪ್ರಶ್ನೆ. ಆಟಗಾರರನ್ನು ಯಾರು ಕೊಳ್ಳುತ್ತಾರೆ ಅನ್ನುವುದನ್ನು ಮೊದಲು ನೋಡಬೇಕು. ಗಾರ್ಡಿಯೋಲಾ ಸಿಟಿಗೆ ಬರುವ ನಾಲ್ಕು ವರ್ಷ ಮುಂಚೆಯೇ, 2012ರಲ್ಲಿ, ಬಾರ್ಸಿಲೋನಾದಲ್ಲಿ ಅವರ ಜೊತೆ ಕೆಲಸ ಮಾಡಿದ್ದ ಫೆರಾನ್ ಸೊರಿಯಾನೊ ಮತ್ತು ಚಿಕಿ ಬೆಗಿರಿಸ್ಟೈನ್ ಅಲ್ಲಿ ಬಂದು ಕೂತಿದ್ದರು. ಗಾರ್ಡಿಯೋಲಾ ಅವರಿಗೆ ಎಂಥ ಆಟಗಾರ ಬೇಕು ಅನ್ನುವುದನ್ನು ಆ ಇಬ್ಬರಿಗೆ ಹೊಸದಾಗಿ ಹೇಳಿಕೊಡಬೇಕಿರಲಿಲ್ಲ. ಡೇವಿಡ್ ಮೊಯೆಸ್ 2013ರಲ್ಲಿ ಯುನೈಟೆಡ್‌ಗೆ ಬಂದದ್ದು, ಕ್ಲಬ್ಬಿನ ವ್ಯವಹಾರ ನೋಡುತ್ತಿದ್ದ ಡೇವಿಡ್ ಗಿಲ್ ಹೋಗಿ ಹೊಸಬರು ಕುರ್ಚಿಗೆ ಬಂದ ಅದೇ ಬೇಸಿಗೆಯಲ್ಲಿ. ಎವರ್ಟನ್‌ನಲ್ಲಿ ಮೊಯೆಸ್ ಅವರೇ ಆಡಿಸಿದ್ದ ಮರುವಾನ್ ಫೆಲೈನಿ ಒಪ್ಪಂದದಲ್ಲಿ ಜುಲೈ 31ರ ತನಕ 2.35 ಕೋಟಿ ಪೌಂಡ್ ಕೊಟ್ಟವರು ಕರೆದುಕೊಂಡು ಹೋಗಬಹುದೆಂದಿತ್ತು. ಯುನೈಟೆಡ್ ಆ ದಿನ ದಾಟಿಸಿ, ಸೆಪ್ಟೆಂಬರ್‌ನಲ್ಲಿ ಟ್ರಾನ್ಸ್‌ಫರ್ ಬಾಗಿಲು ಮುಚ್ಚುವ ದಿನ, ಅದೇ ಆಟಗಾರನಿಗೆ 2.75 ಕೋಟಿ ಕೊಟ್ಟಿತು.